ಹೆಸರು ತಿದ್ದುಪಡಿ

ಜೈತುನಬಿ ಮೂರು ಕಾಗದ ತಂದಿದ್ದಾಳೆ.
ರೇಷನ್ ಕಾರ್ಡಿನಲ್ಲಿ ಜೈತುನಬಿ,
ಆಧಾರದಲ್ಲಿ ಜೈತುನ್ ಬೇಗಂ,
ಮತದಾರರ ಪಟ್ಟಿಯಲ್ಲಿ, ಯಾರ ಕೈಯ ಹುಮ್ಮಸ್ಸೋ,
ಜೈತುನ್ ಖಾತೂನ್.
"ಮೂರೂ ನಾನಽ ರೀ," ಅನ್ನುತ್ತಾಳೆ,
"ಅಕ್ಕಿ ಮಾತ್ರ ಒಬ್ಬಾಕಿಗೂ ಕೊಡವಲ್ರು."

ಹೆಬ್ಬೆಟ್ಟು ಇಡಿಸಿದೆ. ಯಂತ್ರ ಒಲ್ಲೆನೆಂದಿತು.
ತಿಕೋಟಾದ ಶೆಡ್ಡಿನಲ್ಲಿ ಇಪ್ಪತ್ತು ಸುಗ್ಗಿ
ಒಣದ್ರಾಕ್ಷಿ ಆರಿಸಿ ಆರಿಸಿ
ಬೆರಳಿನ ಗೆರೆ ಆ ಸಿಹಿಯಲ್ಲೇ ಕರಗಿಹೋಗಿವೆ.
ಸೆರಗಿಗೆ ಒರೆಸಿ ಮತ್ತೆ ಇಟ್ಟಳು.
ಮತ್ತೆ ಕೆಂಪು ದೀಪ.

ಅಷ್ಟರಲ್ಲಿ ಸರ್ವರ್ ನಿಂತಿತು. ಕೂಡ್ರವ್ವಾ ಅಂದೆ.
ಸುಮ್ಮನಿರಲಾರದೆ ನಾನೇ ಶುರುಮಾಡಿದೆ:
ಬೇಗಂ ಅಂದರೆ ಏನು ಗೊತ್ತೇನು?
ಬೇಗ್ ಅಂದರೆ ಕುದುರೆಪಡೆಯ ಒಡೆಯ, ಅವನ ಮನೆಯಾಕೆ.
ಖಾತೂನ್ ಅಂದರೆ ಅದಕ್ಕೂ ಮೇಲೆ, ಖಾನನ ಮಗ್ಗುಲ ಗಾದಿ.
ಡೇರೆಯೊಳಗೆ ಕೂತು ಅವಳೂ ಮೊಹರು ಒತ್ತುತ್ತಿದ್ದಳಂತೆ.
ಅದು ಮರವಿಲ್ಲದ ಬಯಲು, ನಮ್ಮ ಡೋಣಿ ಎರೆಯ ಹಾಗೆ,
ಚಳಿ ಮಾತ್ರ ಎಲುಬು ಸೀಳುವಂಥದು,
ಕುಡಿಯುವುದು ಕುದುರೆಯ ಹಾಲು.

"ಕುದುರಿ ಹಾಲಾ?" ಮೂಗು ಮುರಿದಳು.
"ಹಂಗಾದ್ರ ಬಿ ಅಂತನಽ ಇರ್ಲಿ ಬಿಡ್ರಿ."

ಪದವಿ ಅಂದರೆ ಕಟಕ ರೊಟ್ಟಿ.
ದೂರದ ದಾರಿಗೆ ಕಟ್ಟಿಕೊಳ್ಳಬಹುದು, ಬೂಸು ಹಿಡಿಯುವುದಿಲ್ಲ,
ಅಂಚು ಮುರಿಯುತ್ತ ಬರುತ್ತದೆ, ಅಷ್ಟೆ.
ಆಕಾಶವೇ ಕೈಯಾರೆ ಕೊಟ್ಟದ್ದೆಂದು
ಖಾಕಾನ ಅನ್ನಿಸಿಕೊಂಡು ಹೊರಟದ್ದು
ಹೊಳೆಗೊಂದು ಅಕ್ಷರ ಸುಂಕ ತೆತ್ತು
ಬರೀ ಖಾನ್ ಆಗಿ ಈ ಕಡೆ ಇಳಿಯಿತು.
ಈಗ ಶಹಾಪೇಟಿ ಮೂಲೆಯಲ್ಲಿ ಪಂಕ್ಚರ್ ತಿದ್ದುತ್ತದೆ.
ಅದರ ದಂಡಿನಲ್ಲಿ ಬಂದ ಬಹಾದ್ದೂರ
ಬ್ಯಾಂಕಿನ ಮುಂದೆ ರಾತ್ರಿಯೆಲ್ಲ ಶಿಳ್ಳೆ ಊದುತ್ತದೆ.

ನಗುವ ಹಕ್ಕು ನನಗಿಲ್ಲ.
ನನ್ನ ಮೇಜಿನ ಫಲಕದಲ್ಲಿ ನಾಡಗೌಡ ಎಂದಿದೆ.
ನಾಡು ಯಾವುದೆಂದು ನನ್ನ ಅಜ್ಜನಿಗೂ ಗೊತ್ತಿರಲಿಲ್ಲ.
ನನ್ನ ಆಳ್ವಿಕೆಗೆ ಒಳಪಟ್ಟದ್ದು ಒಂದು ಕೀಬೋರ್ಡು,
ಅದರಲ್ಲೂ ಷ ಎಂಬ ಅಕ್ಷರ
ಹೋದ ಮಳೆಗಾಲದಿಂದ ಏಳುತ್ತಿಲ್ಲ.

ಈ ಊರಿನ ದೊರೆಗಳಿಗೂ ಇದೇ ತಕರಾರಿತ್ತು.
ತಮ್ಮ ದರ್ಬಾರಿನಲ್ಲಿ ಷಾ, ತಮ್ಮ ಕಲ್ಲಿನ ಮೇಲೆ ಷಾ,
ಉತ್ತರದ ಬಾದಶಾಹಿ ಕಾಗದ ಬಿಚ್ಚಿದರೆ ಖಾನ್.
ಗೋವೆಯಲ್ಲಿ ಹಡಗಿನಿಂದ ಇಳಿದವರ ನಾಲಿಗೆಯಲ್ಲೂ
ತಿರುಚಿಕೊಂಡ ಖಾನ್.
ತಲೆಮಾರುಗಟ್ಟಲೆ ಕಾದರು,
ಕಪ್ಪ ಕಳಿಸಿದರು, ಆನೆ ಕಳಿಸಿದರು.
ಕಡೆಗೊಂದು ದಿನ ತಿದ್ದುಪಡಿ ಮಂಜೂರಾಗಿ ಬಂತು,
ನೆಟ್ಟಗೆ ಷಾ ಎಂದೇ ಬರೆದಿತ್ತು.
ಅದಾಗಿ ನಲವತ್ತು ವರ್ಷ ತುಂಬುವ ಮೊದಲೇ
ಬರೆದವರ ಮನೆತನವೇ ತೋಪು ಸಮೇತ ಬಾಗಿಲಿಗೆ ಬಂತು.

ಮಧ್ಯಾಹ್ನ ಎಣಗಾಯಿ ಕಲಸುತ್ತ
ಎದುರಿನ ಬೋರ್ಡನ್ನು ಒಡೆದು ಓದಿದೆ:
ಖಾನ್, ಆವಳಿ. ಖಾನರ ಸಾಲು.
ತಪ್ಪು ಸಂಧಿ, ಮಾಸ್ತರರು ಕಿವಿ ಹಿಂಡುತ್ತಿದ್ದರು.
ಆದರೂ ಸಾಲಾಗಿಯೇ ಕೂತಿದ್ದರಲ್ಲ,
ಲಾರಿಯವರು, ಮಾರ್ಕೆಟಿನ ಹಮಾಲರು,
ತಾಟಿನ ಗಡಿಯೊಳಗೆ ಒಬ್ಬೊಬ್ಬರೂ ಚಕ್ರವರ್ತಿ.
"ಇನ್ನೊಂದು ರೊಟ್ಟಿ, ಸಾವ್ಕಾರ್ರ?" ಎಂದು
ಬಡಿಸುವ ಹುಡುಗ ಎಲ್ಲರನ್ನೂ
ಒಂದೇ ದರದಲ್ಲಿ ಮೇಲೇರಿಸುತ್ತಿದ್ದ.

ನಾಲ್ಕಕ್ಕೆ ಸರ್ವರ್ ಬಂತು.
ಯಾವ ಹೆಸರು ಇಡಲಿ? ಕೇಳಿದೆ.
ಬಹಳ ಹೊತ್ತು ಯೋಚಿಸಿದಳು.
"ಶೆಡ್ಡಿನ್ಯಾಗ ಎಲ್ಲಾರೂ ಜೈತೂ ಅಂತಾರ.
ಅದನ್ನ ಬರೀಲಿಕ್ಕೆ ಬರ್ತದೇನ್ರಿ?"
ಬರುವುದಿಲ್ಲ. ದಾಖಲೆ ಬೇಕು.
"ಹಂಗಾರ ಅಕ್ಕಿ ಬರೂದ್ಯಾವ್ದೋ ಅದನ್ನ ಬರೀರಿ."

ಬಿ ಒತ್ತಿದೆ.
ಬೆರಳು ಬಿಟ್ಟು ಕಣ್ಣು ಇಡಿಸಿದೆ.
ಪೊರೆ ತೆಗೆಸಿದ ಕಣ್ಣು. ಉಸಿರು ಹಿಡಿದು ಯಂತ್ರದೊಳಗೆ
ದೂರದ್ದೇನನ್ನೋ ನೋಡುವಂತೆ ನೋಡಿದಳು.
ಹಸಿರು.

ಸ್ವೀಕೃತಿ ಚೀಟಿಯನ್ನು ಮುದ್ರೆ ಮಡಿಕೆಗೆ ಸಿಗದ ಹಾಗೆ ಮಡಚಿ
ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಳು.
ಹದಿನೈದು ದಿನ ಬಿಟ್ಟು ಬಾ ಅಂದೆ.
"ಬರ್ತೀನ್ರಿ ನಾಡಗೌಡ್ರ," ಎಂದು ಎದ್ದಳು.
ಯಾರನ್ನು ಕರೆದಳೆಂದು
ಹಿಂದಕ್ಕೆ ತಿರುಗಿ ನೋಡಿದೆ.